ಬೆಂಗಳೂರಿನ ಚಳಿಗೆ ಟೋ ಕವರ್ ಸಾಕೇ? ಸೈಕಲ್ ತುಳಿಯುವವರ ಪಾದ ಬೆಚ್ಚಗಿಡುವ ಸಾಮಾನುಗಳ ವಿಮರ್ಶೆ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಬೆಂಗಳೂರಿನ ಸುತ್ತಮುತ್ತ ಡಿಸೆಂಬರ್, ಜನವರಿಯ ನಸುಕಿನಲ್ಲಿ ಕ್ಲೀಟ್ ಶೂ (ಅಡಿಯಲ್ಲಿರುವ ಕ್ಲೀಟ್ ಎಂಬ ಕೊಕ್ಕೆಯಿಂದ ಪೆಡಲ್‌ಗೆ ಕಚ್ಚಿಕೊಳ್ಳುವ ಶೂ) ಹಾಕಿಕೊಂಡು ಸೈಕಲ್ ತುಳಿಯುವವರಿಗೆ ಬೇಕಾದದ್ದು ಎರಡೇ: 2ರಿಂದ 3 ಮಿಲಿಮೀಟರ್ ದಪ್ಪದ, ಶೂನ ಮೂತಿ ಮುಚ್ಚುವ ನಿಯೋಪ್ರೀನ್ ರಬ್ಬರಿನ ಟೋ ಕವರ್ ಒಂದು ಜೊತೆ, ಮೆರಿನೊ ಉಣ್ಣೆ ಬೆರೆತ ತೆಳು ಸಾಕ್ಸ್ ಎರಡು ಜೊತೆ. ಇಡೀ ಪಾದ ಮುಚ್ಚುವ ಶೂ ಕವರ್ ನಮ್ಮೂರಿಗೆ ಹೆಚ್ಚಾಯಿತು, ಊಟಿ ಕಡೆ ಹೊರಟವರು ಮಾತ್ರ ಅದನ್ನು ನೋಡಿ. ಶೂ ಬಿಗಿಯಾಗಿದ್ದರೆ ದಪ್ಪ ಸಾಕ್ಸ್ ಕೊಳ್ಳಲೇಬೇಡಿ. ಬ್ಯಾಟರಿ ಸಾಕ್ಸ್, ಬಿಸಿ ಪ್ಯಾಕೆಟ್ಟುಗಳಿಗೆ ಇಲ್ಲಿ ಕೆಲಸವಿಲ್ಲ.

ಮಧ್ಯಾಹ್ನದ ಬಿಸಿಲು ನೋಡಿ ಬೆಂಗಳೂರಿನಲ್ಲಿ ಚಳಿ ಎಲ್ಲಿದೆ ಎಂದು ಕೇಳುವವರಿದ್ದಾರೆ. ಊರೊಳಗಿನ ಕನಿಷ್ಠ ತಾಪಮಾನ ಈ ಎರಡು ತಿಂಗಳಲ್ಲಿ ಸರಾಸರಿ 15–16 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ದಾಖಲೆಯಲ್ಲಿರುವ ಅತಿ ಕಡಿಮೆ ತಾಪಮಾನ 1884ರ ಜನವರಿ 13ರಂದು ಬಂದ 7.8 ಡಿಗ್ರಿ. ಅಂಥ ಬೆಳಗು ಈಗ ಬರುವುದಿಲ್ಲ. ಆದರೆ ಸೈಕಲ್ ತುಳಿಯುವವರು ಊರೊಳಗೆ ಇರುವುದೂ ಇಲ್ಲ. ಐದೂವರೆಗೆ ಮನೆ ಬಿಟ್ಟು ದೇವನಹಳ್ಳಿ ದಾಟುವ ಹೊತ್ತಿಗೆ ಕಾಂಕ್ರೀಟಿನ ಬಿಸಿ ಹಿಂದೆ ಉಳಿದಿರುತ್ತದೆ. ಹೆಸರಘಟ್ಟದಂಥ ಕೆರೆಯಂಗಳದ ಬಯಲಲ್ಲಿ ಗಾಳಿಯಿಲ್ಲದ ರಾತ್ರಿ ತಣ್ಣನೆ ಗಾಳಿ ತಗ್ಗಿನಲ್ಲಿ ಕೂತುಬಿಡುತ್ತದೆ, ಅಲ್ಲಿ ಇಳಿದ ಕೂಡಲೇ ಬೆರಳಿಗೆ ಗೊತ್ತಾಗುತ್ತದೆ. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದೆ. ಬೆಂಗಳೂರು ಸುಮಾರು 920 ಮೀಟರ್. ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕದಲ್ಲಿ ಮೇಲೆ ಮೂರೂವರೆ ಡಿಗ್ರಿ ಕಡಿಮೆ. ಇದರ ಮೇಲೆ ನಾವೇ ಹುಟ್ಟಿಸಿಕೊಳ್ಳುವ ಗಾಳಿ ಬೇರೆ. ಹವಾಮಾನ ಇಲಾಖೆಗಳು ಬಳಸುವ ಸೂತ್ರದ ಪ್ರಕಾರ 10 ಡಿಗ್ರಿ ಇರುವಾಗ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬಡಿದರೆ ಬರಿಮೈಗೆ 6 ಡಿಗ್ರಿಯಂತೆ ಅನಿಸುತ್ತದೆ. ಇಳಿಜಾರಿನಲ್ಲಿ 40 ಅಂದರೆ ಬ್ರೇಕ್ ಹಿಡಿದುಕೊಂಡೇ ಇಳಿಯುವ ವೇಗ.

ಇನ್ನೊಂದು ಶತ್ರು ಒದ್ದೆ. ಧನುರ್ಮಾಸದ ಬೆಳಗಿನಲ್ಲಿ ಬಳ್ಳಾರಿ ರಸ್ತೆಯ ಆಚೆ ಕವಿಯುವ ಮಂಜು ಶೂನ ಜಾಲರಿಯ ಮೇಲೆ ಹನಿಹನಿಯಾಗಿ ಕೂರುತ್ತದೆ. ಒಳಗಿನಿಂದ ಬೆವರು, ಹೊರಗಿನಿಂದ ಇಬ್ಬನಿ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಶಾಖ ದಾಟಿಸುತ್ತದೆ. ಜೊತೆಗೆ ಅದು ಆರುವಾಗ ಪ್ರತಿ ಗ್ರಾಂಗೆ ಎರಡು ಸಾವಿರ ಜೂಲ್‌ಗೂ ಹೆಚ್ಚು ಶಾಖ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ನಮ್ಮೂರಿನ 13 ಡಿಗ್ರಿಯ ಒದ್ದೆ ಬೆಳಗು ಬೇರೆ ಕಡೆಯ 8 ಡಿಗ್ರಿಯ ಒಣ ಬೆಳಗಿಗಿಂತ ಕಾಲಿಗೆ ಕೆಟ್ಟದ್ದಾಗಬಹುದು. ಇಲ್ಲಿ ಕಾಲು ತಣ್ಣಗಾಗುವುದಕ್ಕೆ ಗಾಳಿ ಮತ್ತು ಒದ್ದೆ ಮುಖ್ಯ ಕಾರಣ, ಥರ್ಮಾಮೀಟರಿನ ಅಂಕಿ ಆಮೇಲೆ. ಸಾಮಾನು ಆರಿಸುವಾಗ ಇದು ತಲೆಯಲ್ಲಿರಲಿ.

ಬೆಳಿಗ್ಗೆ ಅದೇ ರಸ್ತೆಯಲ್ಲಿ ಓಡುವವರು ಕಾಲು ಚಳಿ ಎನ್ನುವುದಿಲ್ಲ, ಸೈಕಲ್‌ನವರು ಮಾತ್ರ ಎನ್ನುತ್ತಾರೆ. ಓಡುವಾಗ ಪ್ರತಿ ಹೆಜ್ಜೆಗೂ ಪಾದ ಬಾಗುತ್ತದೆ, ನೆಲಕ್ಕೆ ಒತ್ತುತ್ತದೆ, ರಕ್ತ ಓಡಾಡುತ್ತದೆ. ಕ್ಲೀಟ್ ಶೂನ ಗಟ್ಟಿ ಅಟ್ಟೆಯ ಮೇಲೆ ಬೆರಳುಗಳು ಗಂಟೆಗಟ್ಟಲೆ ಅಲುಗದೆ ಕೂತಿರುತ್ತವೆ. ಬೆರಳಿನಲ್ಲಿ ಸ್ವಂತ ಶಾಖ ಹುಟ್ಟಿಸುವ ಸ್ನಾಯು ಇಲ್ಲವೆನ್ನುವಷ್ಟು ಕಡಿಮೆ. ಮೈ ತಣ್ಣಗಾಗುತ್ತಿದೆ ಎಂದು ದೇಹಕ್ಕೆ ಅನ್ನಿಸಿದರೆ ಅದು ಮೊದಲು ಕೈಕಾಲಿನ ಚರ್ಮದ ರಕ್ತನಾಳಗಳನ್ನು ಮುದುಡಿಸಿ ಒಳಗಿನ ಅಂಗಗಳನ್ನು ಕಾಯುತ್ತದೆ. ಆದ್ದರಿಂದ ಎದೆಗೆ ವಿಂಡ್‌ಚೀಟರ್ ಇಲ್ಲದೆ, ಮಂಡಿ ಮುಚ್ಚದೆ ಪಾದಕ್ಕೆ ಮಾತ್ರ ದುಡ್ಡು ಸುರಿಯುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಪಾದಕ್ಕೆ ಹೋಗುವ ರಕ್ತ ಮಂಡಿ, ಕಣಕಾಲು, ಕಾಲ್ಗಿಣ್ಣು ದಾಟಿಕೊಂಡೇ ಹೋಗಬೇಕು. ಕಾಲ್ಗಿಣ್ಣಿನ ಹತ್ತಿರ ನಾಳ ಚರ್ಮದ ಕೆಳಗೇ ಇದೆ, ಬೆರಳಿಟ್ಟರೆ ಮಿಡಿತ ಸಿಗುತ್ತದೆ. ಅರ್ಧ ಚಡ್ಡಿ, ಗಿಣ್ಣಿನ ಕೆಳಗೇ ನಿಲ್ಲುವ ಮೋಟು ಸಾಕ್ಸ್ ಹಾಕಿಕೊಂಡು ಹೊರಟವರಿಗೆ ನನ್ನ ಮೊದಲ ಸಲಹೆ ಲೆಗ್ ವಾರ್ಮರ್, ಅಂದರೆ ತೊಡೆಯಿಂದ ಗಿಣ್ಣಿನವರೆಗೆ ಕಾಲಿಗೆ ಏರಿಸುವ ಬಟ್ಟೆಯ ತೋಳು. ಅದು ಇದ್ದವರು ಮುಂದೆ ಓದಿ.

ಟೋ ಕವರ್

ಶೂನ ಮುಂಭಾಗಕ್ಕೆ ಮಾತ್ರ ಟೋಪಿಯ ಹಾಗೆ ಹಾಕುವ ತುಂಡು ಇದು. ಬೆರಳುಗಳನ್ನೂ ಪಾದದ ಮುಂದಿನ ಅರ್ಧವನ್ನೂ ಮುಚ್ಚುತ್ತದೆ. ಕೆಳಗೆ ಕ್ಲೀಟ್‌ಗೆ ಕಿಂಡಿ ಇರುತ್ತದೆ, ಹಿಮ್ಮಡಿ ಪೂರ್ತಿ ತೆರೆದಿರುತ್ತದೆ. ಡೆಕಾಥ್ಲಾನ್ ತನ್ನದೇ ಬ್ರ್ಯಾಂಡಿನಲ್ಲಿ ಮಾರುತ್ತದೆ. ಕಾಸ್ಟೆಲ್ಲಿ, ಗ್ರಿಪ್‌ಗ್ರ್ಯಾಬ್, ಶಿಮಾನೊದಂಥ ಕಂಪನಿಗಳದ್ದೂ ಇವೆ. ಬೆಲೆಯಲ್ಲಿ ಈ ಇಡೀ ಗುಂಪಿಗೇ ಅಗ್ಗದ್ದು ಇದು. ಪೂರ್ತಿ ಶೂ ಕವರಿಗೆ ಸಾಮಾನ್ಯವಾಗಿ ಇದರ ಎರಡರಷ್ಟಾದರೂ ಬೀಳುತ್ತದೆ, ಚಳಿಗಾಲದ ವಿಶೇಷ ಶೂಗಳ ಬೆಲೆಯಂತೂ ಬೇರೆಯೇ ಲೆಕ್ಕ.

ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಇರುವ ವ್ಯತ್ಯಾಸ ಬ್ರ್ಯಾಂಡಿನಲ್ಲಿಲ್ಲ, ಬಟ್ಟೆಯಲ್ಲಿದೆ. ನಿಯೋಪ್ರೀನ್ ಅಂದರೆ ಸಣ್ಣ ಸಣ್ಣ ಗಾಳಿಗುಳ್ಳೆ ತುಂಬಿದ ರಬ್ಬರು. ಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ಗಾಳಿ ತೂರುವುದಿಲ್ಲ, ನೀರು ಹೀರುವುದಿಲ್ಲ. ಒದ್ದೆ ಒಳಗೆ ಬಂದರೆ ಹೊಲಿಗೆಯ ಸಾಲಿನಿಂದ ಬರಬೇಕು. ನೋಡಲು ಹೀಗೇ ಇರುವ ಲೈಕ್ರಾ ಕವರ್‌ಗಳೂ ಸಿಗುತ್ತವೆ. ಅವು ರೇಸಿನಲ್ಲಿ ಗಾಳಿಯ ಎಳೆತ ತಗ್ಗಿಸಲು ಮಾಡಿದವು, ಚಳಿಗೆ ಏನೇನೂ ಸಾಲವು. ಆನ್‌ಲೈನ್ ಚಿತ್ರ ನೋಡಿ ಮೋಸ ಹೋಗುವುದು ಇಲ್ಲೇ. ಅಂಗಡಿಯಲ್ಲಾದರೆ ಬಟ್ಟೆಯನ್ನು ತುಟಿಗೆ ಒತ್ತಿ ಜೋರಾಗಿ ಊದಿ. ಉಸಿರು ಆಚೆ ಕೈಗೆ ತಾಗಿದರೆ ಅಲ್ಲೇ ಇಟ್ಟುಬಿಡಿ. ಬೆರಳಿನಿಂದ ಚಿವುಟಿ ದಪ್ಪ ನೋಡಿ: 2 ಮಿಲಿಮೀಟರಿಗಿಂತ ತೆಳುವಾದದ್ದು ನಂದಿ ಇಳಿಯುವಾಗ ಕೈಕೊಡುತ್ತದೆ. 4ಕ್ಕಿಂತ ದಪ್ಪವಾದದ್ದು ಏಳು ಗಂಟೆಗೆಲ್ಲ ಬೇಯಿಸುತ್ತದೆ.

ಆಮೇಲೆ ತಿರುಗಿಸಿ ಅಡಿಭಾಗ ನೋಡಿ. ಕವರ್ ಸಾಯುವುದು ಅಲ್ಲಿಂದಲೇ. ತಿಂಡಿಗೆ ನಿಂತಾಗ ಶೂ ಮೂತಿಯ ಕೆಳಗಿನ ಬಟ್ಟೆ ಟಾರಿಗೆ ಉಜ್ಜುತ್ತದೆ, ಮೊದಲು ಹೊಲಿಗೆ ಬಿಡುತ್ತದೆ, ಆಮೇಲೆ ಮೂತಿಯಲ್ಲೇ ತೂತು. ಅಡಿಯಲ್ಲಿ ರಬ್ಬರ್ ಲೇಪವೋ ಕೆವ್ಲಾರ್ ಎಂಬ ಗಟ್ಟಿ ನೂಲಿನ ಪಟ್ಟಿಯೋ ಇರುವುದನ್ನೇ ಆರಿಸಿ. ಇದ್ದರೂ ನಡೆಯುವಾಗ ಹಿಮ್ಮಡಿಯ ಮೇಲೆ ಭಾರ ಹಾಕಿ. ಬಹಳ ಹೊತ್ತು ನಡೆಯುವುದಿದ್ದರೆ ಕವರನ್ನು ಮುಂದಿನಿಂದ ಮೇಲಕ್ಕೆ ಮಡಚಿಡಿ.

ಕ್ಲೀಟ್ ಕಿಂಡಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಬೀಳುವ ಏಳುವ ಪ್ರಶ್ನೆ. ರೋಡ್ ಶೂನ ಮೂರು ಬೋಲ್ಟಿನ ಕ್ಲೀಟ್ ಅಗಲ, ಎಂಟಿಬಿ (ಮೌಂಟನ್ ಬೈಕ್) ಶೂನ ಎರಡು ಬೋಲ್ಟಿನದ್ದು ಸಣ್ಣದು ಮತ್ತು ಅಟ್ಟೆಯೊಳಗೆ ಹುದುಗಿರುತ್ತದೆ. ಕಿಂಡಿ ಚಿಕ್ಕದಾಗಿ ಬಟ್ಟೆಯ ಅಂಚು ಕ್ಲೀಟ್‌ ಮೇಲೆ ಬಂದರೆ ಅದು ಪೆಡಲ್‌ ಮತ್ತು ಕ್ಲೀಟ್ ನಡುವೆ ಸಿಕ್ಕಿಕೊಳ್ಳುತ್ತದೆ. ಆಗ ಕಾಲು ಸರಿಯಾಗಿ ಕೂರುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಸಿಗ್ನಲ್ಲಿನಲ್ಲಿ ತಿರುಚಿದಾಗ ಬಿಡುವುದಿಲ್ಲ. ಹೊಸ ಕವರ್ ಹಾಕಿದ ದಿನ ರಸ್ತೆಗಿಳಿಯುವ ಮೊದಲು ಗೋಡೆಗೆ ಕೈ ಕೊಟ್ಟು ಸೈಕಲ್ ಮೇಲೆ ಕೂತು ಎರಡೂ ಕಾಲನ್ನು ಹತ್ತಾರು ಸಲ ಹಾಕಿ ತೆಗೆದು ನೋಡಿ. ಅಂಚು ಸಿಕ್ಕಿಕೊಳ್ಳುತ್ತಿದ್ದರೆ ಕ್ಲೀಟ್ ಸುತ್ತ 3–4 ಮಿಲಿಮೀಟರ್ ಬಿಟ್ಟು ಚಾಕ್‌ಪೀಸಿನಲ್ಲಿ ಗುರುತು ಮಾಡಿ, ಹರಿತ ಕತ್ತರಿಯಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಕತ್ತರಿಸಿದರೆ ಮುಂದಕ್ಕೆ ಹರಿಯುವುದಿಲ್ಲ. ಕತ್ತರಿಸಿದ ಅಂಚಿಗೆ ರಬ್ಬರ್ ಸೊಲ್ಯೂಷನ್, ಅದೇ ಪಂಚರ್ ಹಾಕುವಾಗ ಬಳಸುವುದು, ತೆಳುವಾಗಿ ಸವರಿ ಒಣಗಿಸಿ.

ಹಾಕುವ ಕ್ರಮ: ಮೊದಲು ಶೂಗೆ ಕವರ್, ಆಮೇಲೆ ಶೂಗೆ ಕಾಲು. ಕಾಲು ಹಾಕಿದ ಮೇಲೆ ಎಳೆದು ತೊಡಿಸಲು ಹೋದರೆ ಹೊಲಿಗೆಗೆ ಪೆಟ್ಟು. ಲೇಸಿನ ಬದಲು ತಿರುಗಿಸಿ ಬಿಗಿಯುವ ಬೋವಾ ತಿರುಗಣಿ ಪಾದದ ನಡುವೆ ಇರುವ ಶೂಗಳಲ್ಲಿ ತಿರುಗಣಿ ಸಾಮಾನ್ಯವಾಗಿ ಕವರ್‌ನ ಹೊರಗೇ ಉಳಿಯುತ್ತದೆ, ದಾರಿಯಲ್ಲಿ ಸಡಿಲಿಸಬಹುದು. ಕೆಳಗಿನ ಎರಡನೇ ತಿರುಗಣಿ ಕವರ್ ಅಡಿಗೆ ಹೋಗುತ್ತದೆ, ಅದನ್ನು ಮೊದಲೇ ಒಂದೆರಡು ಕ್ಲಿಕ್ ಸಡಿಲಿಟ್ಟುಕೊಳ್ಳಿ. ಅಳತೆ ಬಿಗಿಯಾದ ಕವರ್ ಶೂನ ಮೂತಿಯನ್ನೇ ಅಮುಕಿ ಬೆರಳುಗಳನ್ನು ಒತ್ತುತ್ತದೆ, ಬೆಚ್ಚಗಾಗಬೇಕಾದದ್ದು ಮರಗಟ್ಟುತ್ತದೆ. ಎರಡು ಅಳತೆಗಳ ನಡುವೆ ಬಿದ್ದವರು ದೊಡ್ಡದನ್ನೇ ತೆಗೆದುಕೊಳ್ಳಿ. ಅಗಲ ಮೂತಿಯ ಎಂಟಿಬಿ ಶೂ ಇದ್ದವರೂ ಅಷ್ಟೇ.

ಇದರ ದೊಡ್ಡ ಗುಣ ಮಾತ್ರ ಜೇಬು. ಟೋ ಕವರ್ ಜೊತೆಯನ್ನು ಮಡಚಿದರೆ ಜೆರ್ಸಿಯ ಹಿಂಜೇಬಿನಲ್ಲಿ ಬಾಳೆಹಣ್ಣಿನ ಪಕ್ಕ ಕೂರುತ್ತದೆ. ನಂದಿಯ ವಿಚಾರದಲ್ಲಿ ಇದು ತುಂಬಾ ಮುಖ್ಯ. ಬುಡದಿಂದ ತುದಿಗೆ ಏಳೆಂಟು ಕಿಲೋಮೀಟರ್ ಏರು, ಚಳಿಯಲ್ಲೂ ಬೆವರು ಕಿತ್ತುಕೊಂಡು ಬರುತ್ತದೆ. ಕವರ್ ಹಾಕಿಕೊಂಡೇ ಹತ್ತಿದರೆ ಸಾಕ್ಸ್ ತೊಯ್ದು, ಇಳಿಯುವಾಗ ಆ ಒದ್ದೆಯೇ ಕಾಲನ್ನು ಕೊರೆಯುತ್ತದೆ. ಸರಿಯಾದ ಕ್ರಮ ಇದು. ಬುಡದವರೆಗೆ ಕವರ್ ಹಾಕಿರಿ. ಅಲ್ಲಿ ಬಿಚ್ಚಿ ಜೇಬಿಗೆ ಸೇರಿಸಿ ಬರಿ ಶೂನಲ್ಲಿ ಹತ್ತಿ. ಮೇಲೆ ಬಂದ ಐದೇ ನಿಮಿಷದೊಳಗೆ, ಫೋಟೊ ತೆಗೆಯುವ ಮೊದಲು, ಶೂ ಬಿಚ್ಚಿ ಬೆರಳ ಸಂದಿ ಒರೆಸಿ, ಒಣ ಸಾಕ್ಸ್ ಹಾಕಿ, ಕವರ್ ತೊಡಿಸಿ. ಒಣ ಸಾಕ್ಸ್ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿರಲಿ, ಇಲ್ಲದಿದ್ದರೆ ಬೆನ್ನಿನ ಬೆವರಿಗೆ ಅದೂ ತೊಯ್ದಿರುತ್ತದೆ. ಎರಡು ಜೊತೆ ಸಾಕ್ಸ್ ಎಂದದ್ದು ಇದಕ್ಕೇ.

ಒಂದು ಕೊರತೆ ಹೇಳಲೇಬೇಕು. ಕತ್ತಲಲ್ಲಿ ಮೇಲೆ ಕೆಳಗೆ ಆಡುವ ಪಾದದ ಮೇಲೆ ಹೊಳೆಯುವ ಪಟ್ಟಿ ಇದ್ದರೆ ಹಿಂದಿನಿಂದ ಬರುವ ಲಾರಿಯವನಿಗೆ ಇದು ಸೈಕಲ್ ಎಂದು ಬೇಗ ಗೊತ್ತಾಗುತ್ತದೆ. ಟೋ ಕವರ್‌ನಲ್ಲಿ ಪಟ್ಟಿ ಇರುವುದು ಮುಂದೆ, ಲಾರಿ ಬರುವುದು ಹಿಂದಿನಿಂದ. ಹಿಮ್ಮಡಿಗೆ ಹೊಳೆಯುವ ಸ್ಟಿಕರ್ ಅಂಟಿಸಿಕೊಳ್ಳಿ.

ಪೂರ್ತಿ ಶೂ ಕವರ್

ಕಾಲ್ಗಿಣ್ಣಿನವರೆಗೆ ಮುಚ್ಚುವ ಇವಕ್ಕೆ ಹಿಂದೆ ಜಿಪ್ಪೋ ವೆಲ್ಕ್ರೋ ಪಟ್ಟಿಯೋ ಇರುತ್ತದೆ. ಕೆಲಸ ಅಚ್ಚುಕಟ್ಟು, ಬೆಚ್ಚಗೂ ಹೌದು, ಹಿಂದೆ ಹೊಳೆಯುವ ಪಟ್ಟಿಯೂ ಇರುತ್ತದೆ. ಆದರೆ ಬೆಂಗಳೂರಿನ ಬೆಳಗು ಬಿಸಿಲೇರಿದಂತೆ ಬೇಗ ಬೆಚ್ಚಗಾಗುವ ಬೆಳಗು. ಎಂಟು ಗಂಟೆಗೆ ಬಿಸಿಲು ಬಿದ್ದಾಗ ಇವು ಒಳಗೆ ಸ್ನಾನದ ಮನೆಯಾಗುತ್ತವೆ, ಬಿಚ್ಚಿದರೆ ಇಡಲು ಜಾಗವಿಲ್ಲ. ಹಿಮ್ಮಡಿ, ಗಿಣ್ಣಿಗೆ ಇಲ್ಲಿಯ ಚಳಿ ಅಷ್ಟಾಗಿ ತಾಗುವುದೂ ಇಲ್ಲ, ಬಾಧೆ ಬೆರಳಿಗೆ.

ಊಟಿಗೆ ಹೋಗುವವರ ಲೆಕ್ಕ ಬೇರೆ. ಊಟಿ ಇರುವುದು ಸುಮಾರು 2240 ಮೀಟರ್ ಎತ್ತರದಲ್ಲಿ. ಜನವರಿಯ ಕೆಲವು ರಾತ್ರಿ ಸೊನ್ನೆಯ ಹತ್ತಿರ ಇಳಿದು ಹುಲ್ಲಿನ ಮೇಲೆ ಹಿಮದ ಪುಡಿ ಕೂರುತ್ತದೆ. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಸೈಕಲ್ ಯಾತ್ರೆಯಿಂದಾಗಿ ಡಿಸೆಂಬರಿನಲ್ಲಿ ಆ ಬೆಟ್ಟಗಳಲ್ಲಿ ತುಳಿಯುವ ಚಾಳಿ ನಮ್ಮವರಿಗೆ ಚೆನ್ನಾಗಿ ಹತ್ತಿದೆ. ಮಸಿನಗುಡಿಯಿಂದ ಕಲ್ಲಟ್ಟಿಯ 36 ತಿರುವು ಹತ್ತುವಾಗ ಕಾಲು ಬೆಚ್ಚಗೇ ಇರುತ್ತದೆ. ಮರುದಿನ ಮುಂಜಾನೆ ಊಟಿಯಿಂದ ಇಳಿಯುವಾಗ ಪೂರ್ತಿ ಕವರ್ ಬೇಕೇ ಬೇಕು. ಅಲ್ಲಿಗೆ ಕೊಳ್ಳುವುದಾದರೆ ಜಿಪ್ ದಪ್ಪ ಹಲ್ಲಿನದಿರಲಿ, ಒಳಗೆ ಜಿಪ್‌ನ ಹಿಂದೆ ಬಟ್ಟೆಯ ಪಟ್ಟಿ ಇರಲಿ. ಬೆವರಿನ ಉಪ್ಪು ತಿಂದು ಕಚ್ಚಿಕೊಳ್ಳುವುದು ಜಿಪ್ಪೇ. ಹಾಕುವಾಗ ಕವರನ್ನು ಮೊದಲು ಕಣಕಾಲಿಗೆ ಏರಿಸಿ ಮೇಲಕ್ಕೆ ಮಡಚಿ, ಶೂ ಹಾಕಿ ಬಿಗಿದು, ಆಮೇಲೆ ಕವರನ್ನು ಕೆಳಗೆ ಎಳೆದು ಮೂತಿಗೆ ತೊಡಿಸಿ, ಕೊನೆಗೆ ಜಿಪ್. ಲೆಗ್ ವಾರ್ಮರ್‌ನ ತುದಿ ಕವರ್‌ನ ಹೊರಗೆ ಬರಬೇಕು. ಒಳಗೆ ಸೇರಿಸಿದರೆ ಮಳೆ, ಮಂಜಿನ ನೀರು ಕಾಲುಗುಂಟ ನೇರ ಶೂಗೇ ಇಳಿಯುತ್ತದೆ.

ಸಾಕ್ಸ್

ಇಲ್ಲಿ ದುಡ್ಡು ಹೆಚ್ಚು ಹಾಳಾಗುತ್ತದೆ. ಚಳಿ ಎಂದ ಕೂಡಲೇ ದಪ್ಪ ಸಾಕ್ಸ್ ತರುತ್ತಾರೆ. ಬೇಸಿಗೆಯ ಸಾಕ್ಸ್‌ಗೆ ಅಳತೆ ಕೊಟ್ಟು ತಂದ ಶೂನೊಳಗೆ ಅದನ್ನು ತುರುಕುತ್ತಾರೆ. ಬೆಚ್ಚಗಿಡುವುದು ಉಣ್ಣೆಯ ಎಳೆಗಳ ನಡುವೆ ನಿಂತ ಗಾಳಿ. ಅಮುಕಿದರೆ ಆ ಗಾಳಿಯೂ ಹೋಯಿತು, ಬೆರಳಿನ ರಕ್ತವೂ ನಿಂತಿತು. ಸಾಕ್ಸ್ ಹಾಕಿ ಶೂ ಬಿಗಿದ ಮೇಲೆ ಬೆರಳುಗಳನ್ನು ಮೇಲೆ ಕೆಳಗೆ ಆಡಿಸಿ ನೋಡಿ. ಐದೂ ಆಡಬೇಕು, ಹೆಬ್ಬೆರಳಿನ ಮುಂದೆ ಅರ್ಧ ಸೆಂಟಿಮೀಟರಾದರೂ ಖಾಲಿ ಇರಬೇಕು. ಆಗದಿದ್ದರೆ ತೆಳು ಸಾಕ್ಸೇ ಬೆಚ್ಚಗೆ.

ಬಟ್ಟೆಯ ವಿಚಾರದಲ್ಲಿ ಹತ್ತಿ ಬೇಡ. ಬೆವರು ಕುಡಿದು ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಆರುವುದಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೇ ಇಟ್ಟುಕೊಂಡು ಹೊರಗೆ ಒಣಗಿದಂತೆಯೇ ಇರುತ್ತದೆ. ಮೆರಿನೊ ಕುರಿಯ ಉಣ್ಣೆ ಸಣ್ಣ ಎಳೆಯದಾದ್ದರಿಂದ ಚುಚ್ಚುವುದಿಲ್ಲ. ಚೀಟಿ ಓದಿ ಕೊಳ್ಳಿ: ಮೆರಿನೊ 60–70 ಭಾಗ, ಉಳಿದದ್ದು ನೈಲಾನ್, ಚೂರು ಎಲಾಸ್ಟೇನ್ ಇದ್ದರೆ ಬಾಳಿಕೆಯೂ ಬರುತ್ತದೆ. ನೂರಕ್ಕೆ ನೂರು ಉಣ್ಣೆಯದ್ದು ಹಿಮ್ಮಡಿಯಲ್ಲಿ ಬೇಗ ಸವೆಯುತ್ತದೆ. ಕುರಿಯ ಚಿತ್ರ ದೊಡ್ಡದಾಗಿ ಹಾಕಿ 20 ಭಾಗ ಉಣ್ಣೆ ಬೆರೆಸಿದವೂ ಇವೆ. ಎತ್ತರ ಗಿಣ್ಣಿನ ಮೇಲೆ ನಾಲ್ಕು ಬೆರಳಾದರೂ ಬರಲಿ. ಚಳಿಗಾಲಕ್ಕೆ ಬರುವ ಟಿಬೆಟನ್ನರ ಸ್ವೆಟರ್ ಅಂಗಡಿಗಳಲ್ಲಿ ಸಿಗುವ ಸಾಕ್ಸ್‌ಗಳಲ್ಲಿ ಅಕ್ರಿಲಿಕ್ಕಿನದೂ ಇರುತ್ತದೆ. ಅದು ಬೆಚ್ಚಗೆ ಹೌದು, ಬೇಗ ಆರುತ್ತದೆ ಕೂಡ, ಆದರೆ ದಪ್ಪ. ಅಗಲವಾದ ಕ್ಯಾನ್ವಾಸ್ ಶೂ ಹಾಕಿ ಸಾದಾ ಪೆಡಲ್ ತುಳಿಯುವವರಿಗೆ ಅದು ಒಳ್ಳೆಯ ವ್ಯಾಪಾರ, ಕ್ಲೀಟ್ ಶೂನವರಿಗೆ ಅಲ್ಲ.

ಸೀಲ್‌ಸ್ಕಿನ್ಜ್ ಥರದ ನೀರು ಸೋರದ ಸಾಕ್ಸ್ ಮಳೆಗಾಲದ ಸಾಮಾನು. ಮಂಜಿಗೆ ಅಷ್ಟು ಖರ್ಚು ಬೇಕಿಲ್ಲ.

ಶೂನ ಅಡಿಯಿಂದ ಬರುವ ಚಳಿ

ಕವರ್ ಹಾಕಿದರೂ ಅಂಗಾಲು ತಣ್ಣಗೆ ಎನ್ನುವವರು ಇನ್‌ಸೋಲ್ ಎತ್ತಿ ನೋಡಿ. ಬೇಸಿಗೆಗೆ ಮಾಡಿದ ಶೂನ ಅಟ್ಟೆಯಲ್ಲಿ ಗಾಳಿಕಿಂಡಿ ಇರುತ್ತದೆ, ಕ್ಲೀಟ್ ಜರುಗಿಸಲು ಸೀಳುಗಳಿರುತ್ತವೆ. ಕ್ಲೀಟ್‌ನ ಬೋಲ್ಟು ಲೋಹ, ಅದು ಲೋಹದ ಪೆಡಲ್‌ನ ಚಳಿಯನ್ನು ಅಂಗಾಲಿಗೇ ಮುಟ್ಟಿಸುತ್ತದೆ. ಎರಡು ಬೋಲ್ಟಿನ ಶೂಗಳಲ್ಲಿ ಕ್ಲೀಟ್ ಪಕ್ಕದ ಸೀಳಿನಿಂದ ರಸ್ತೆಯ ನೀರೂ ಬರುತ್ತದೆ.

ದುರಸ್ತಿ ಹತ್ತು ನಿಮಿಷದ ಕೆಲಸ. ಮೊದಲು ಕ್ಲೀಟ್ ಸರಿಯಾದ ಜಾಗದಲ್ಲಿದೆಯೇ ನೋಡಿ, 4 ಮಿಲಿಮೀಟರ್ ಅಲೆನ್ ಕೀಯಿಂದ ಬೋಲ್ಟ್ ಬಿಗಿ ಮಾಡಿ. ಬಿಗಿ ಅಳೆಯುವ ಟಾರ್ಕ್ ಕೀ ಇದ್ದವರಿಗೆ ಶಿಮಾನೊ ಹೇಳುವ ಅಳತೆ 5–6 ನ್ಯೂಟನ್ ಮೀಟರ್. ಟೇಪ್ ಅಂಟಿಸಿದ ಮೇಲೆ ಕ್ಲೀಟ್ ಜರುಗಿಸಲು ಹೋದರೆ ಒಳಗಿನ ತಗಡು ಟೇಪನ್ನು ಕಿತ್ತುಹಾಕುತ್ತದೆ, ಅದಕ್ಕೇ ಈ ಕ್ರಮ. ಇನ್‌ಸೋಲ್ ತೆಗೆದು ಒಳಗಿನ ಅಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಬಟ್ಟೆಯ ಡಕ್ಟ್ ಟೇಪನ್ನು ಬೋಲ್ಟ್ ತಗಡು, ಸೀಳು, ಗಾಳಿಕಿಂಡಿ ಎಲ್ಲದರ ಮೇಲೆ ಒಂದೇ ಪದರ ಅಂಟಿಸಿ. ಎರಡನೇ ಪದರ ಬೇಡ, ಅದರ ಅಂಚು ಅಂಗಾಲಿಗೆ ಒತ್ತುತ್ತದೆ. ಇನ್‌ಸೋಲ್ ವಾಪಸ್ ಹಾಕಿ. ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ ಇನ್‌ಸೋಲ್‌ಗಳನ್ನು ಚಳಿಗೆಂದು ಮಾರುತ್ತಾರೆ. ಅದರಲ್ಲಿ ಕೆಲಸ ಮಾಡುವುದು ಹಾಳೆಗಿಂತ ಹೆಚ್ಚಾಗಿ ಕೆಳಗಿನ ಫೋಮ್. ಶೂನಲ್ಲಿ ಜಾಗ ಇದ್ದರೆ ಮಾತ್ರ ಅದಕ್ಕೆ ಕೈ ಹಾಕಿ. ಫೆಬ್ರುವರಿ ಕಳೆದ ಮೇಲೆ ಟೇಪ್ ಕಿತ್ತುಹಾಕುವುದನ್ನು ಮರೆಯಬೇಡಿ, ಮಾರ್ಚಿನ ಬಿಸಿಲಿಗೆ ಆ ಕಿಂಡಿಗಳು ಬೇಕು.

ದುಡ್ಡಿಲ್ಲದ ಉಪಾಯ

ಒಂದು ಲೀಟರಿನ ನಂದಿನಿ ಹಾಲಿನ ಪ್ಯಾಕೆಟ್. ಮೇಲಿನ ಅಂಚನ್ನು ಪೂರ್ತಿ ಕತ್ತರಿಸಿ, ಸೋಪು ಹಾಕಿ ತೊಳೆದು, ಜಿಡ್ಡು ಹೋಗುವ ಹಾಗೆ ಒಣಗಿಸಿ. ಸಾಕ್ಸ್ ಮೇಲೆ ಬೆರಳುಗಳಿಗೆ ತೊಡಿಸಿ, ಮೇಲೆ ಶೂ. ಗಾಳಿ ಒಂದಿಷ್ಟೂ ಬರುವುದಿಲ್ಲ. ಕಿರಾಣಿ ಅಂಗಡಿಯ ತೆಳು ಕವರ್‌ಗಿಂತ ಇದು ವಾಸಿ, ಅದು ಮಡಿಕೆ ಮಡಿಕೆಯಾಗಿ ಬೆರಳಿಗೆ ಒತ್ತುತ್ತದೆ. ಹಾಲಿನ ಪ್ಯಾಕೆಟ್ ಹೊಲಿಗೆಯಿಲ್ಲದ ಚೀಲ, ಸಪಾಟಾಗಿ ಕೂರುತ್ತದೆ. ಸುಮಾರು ಒಂದು ಗಂಟೆ ಚೆನ್ನಾಗಿರುತ್ತದೆ, ಆಮೇಲೆ ಒಳಗಿನ ಬೆವರು ಎಲ್ಲೂ ಹೋಗಲಾಗದೆ ಸಾಕ್ಸ್ ತೊಯ್ಯುತ್ತದೆ. ಹಾಗಾಗಿ ಇಳಿಜಾರಿಗೆ ಇದು ಬಲು ಚೆನ್ನ, ಇಡೀ ಬೆಳಗಿಗೆ ಅಲ್ಲ. ಟೋ ಕವರ್ ಮರೆತು ಬಂದವರು ದಾರಿಯ ಟೀ ಅಂಗಡಿಯಲ್ಲಿ ಎರಡು ಖಾಲಿ ಪ್ಯಾಕೆಟ್ ಕೇಳಿ ತೆಗೆದುಕೊಳ್ಳಬಹುದು, ಯಾರೂ ಇಲ್ಲ ಎನ್ನುವುದಿಲ್ಲ.

ಹಳೇ ಪೇಪರೂ ಕೆಲಸಕ್ಕೆ ಬರುತ್ತದೆ. ಯುರೋಪಿನ ರೇಸುಗಾರರು ಬೆಟ್ಟದ ತುದಿಯಲ್ಲಿ ಜೆರ್ಸಿಯೊಳಗೆ ಪತ್ರಿಕೆ ತುರುಕಿಕೊಂಡು ಇಳಿಯುತ್ತಿದ್ದ ರೂಢಿ ಹಳೆಯದು. ಎದೆಗೆ ಎರಡು ಹಾಳೆ ಇಟ್ಟರೆ ಪಾದಕ್ಕೂ ಅದರ ಫಲ ಸಿಗುತ್ತದೆ. ಶೂನೊಳಗೆ ಮಾತ್ರ ಸವಾರಿಯ ವೇಳೆ ಬೇಡ, ಮುದ್ದೆಯಾಗುತ್ತದೆ. ಮನೆಗೆ ಬಂದ ಮೇಲೆ ಒದ್ದೆ ಶೂಗೆ ಉಂಡೆ ಮಾಡಿ ತುಂಬಿ, ಎರಡು ಗಂಟೆಗೊಮ್ಮೆ ಬದಲಿಸಿ. ಮರುದಿನದ ಹೊತ್ತಿಗೆ ಒಣಗಿರುತ್ತದೆ.

ಇನ್ನು ಸಾದಾ ಪೆಡಲ್‌ನವರು. ಬೆಂಗಳೂರಿನಲ್ಲಿ ನಸುಕಿಗೆ ಸೈಕಲ್ ತುಳಿಯುವವರಲ್ಲಿ ಹೆಚ್ಚಿನವರು ಪೇಪರ್ ಹಾಕುವ ಹುಡುಗರು, ಹಾಲಿನವರು, ಪಾಳಿ ಮುಗಿಸಿ ಬರುವ ಸೆಕ್ಯುರಿಟಿಯವರು. ಟೋ ಕವರ್ ಮಾಡುವ ಕಂಪನಿಗಳು ಇವರನ್ನು ನೆನೆಸಿಕೊಂಡೇ ಇಲ್ಲ. ಪೆಡಲ್‌ನ ಹಲ್ಲಿಗೆ ನಿಯೋಪ್ರೀನ್ ಬೇಗ ಹರಿಯುತ್ತದೆ, ಕ್ಲೀಟ್ ಕಿಂಡಿಯಿಂದ ಗಾಳಿ ನುಗ್ಗುತ್ತದೆ. ಇವರಿಗೆ ಜಾಲರಿ ಇಲ್ಲದ, ಅರ್ಧ ನಂಬರ್ ದೊಡ್ಡದಾದ, ರೆಕ್ಸಿನ್ ಅಥವಾ ಚರ್ಮದ ಮೇಲ್ಮೈಯ ಶೂ ಮತ್ತು ಅಕ್ರಿಲಿಕ್ ಸಾಕ್ಸ್ ಸಾಕು. ಈಗಿರುವುದು ಜಾಲರಿ ಶೂ ಆದರೆ ಮೇಲೆ ಹೇಳಿದ ಹಾಲಿನ ಪ್ಯಾಕೆಟ್.

ಕವರ್ ಕೊಳ್ಳುವ ಮುಂಚೆ ಒಂದು ಪರೀಕ್ಷೆ

ಬೆರಳು ಮರಗಟ್ಟಿದರೆ ಅದು ಚಳಿಯೇ ಆಗಿರಬೇಕಿಲ್ಲ. ಏಪ್ರಿಲ್‌ನಲ್ಲೂ ಒಂದು ಗಂಟೆ ತುಳಿದ ಮೇಲೆ ಜೋಮು ಹಿಡಿಯುತ್ತದೆಯೇ? ಒಂದೇ ಕಾಲಿಗೆ ಆಗುತ್ತದೆಯೇ? ಮೂರನೇ, ನಾಲ್ಕನೇ ಬೆರಳಿನ ನಡುವೆ ಸುಡುವಂತೆ, ವಿದ್ಯುತ್ ಹೊಡೆದಂತೆ ಆಗುತ್ತದೆಯೇ? ಹಾಗಿದ್ದರೆ ನರ ಒತ್ತಿಕೊಂಡಿದೆ. ಶೂ ಅಗಲ ಸಾಲದು, ಇಲ್ಲವೇ ಕ್ಲೀಟ್ ತೀರ ಮುಂದಿದೆ. ಕ್ಲೀಟನ್ನು 2–3 ಮಿಲಿಮೀಟರ್ ಹಿಮ್ಮಡಿ ಕಡೆ ಜರುಗಿಸಿ, ಮೂತಿಯ ಪಟ್ಟಿ ಸಡಿಲಿಸಿ ಒಂದು ವಾರ ನೋಡಿ. ಕ್ಲೀಟ್ ಹಿಂದೆ ಹೋದಾಗ ಸೀಟನ್ನು ಕೂದಲೆಳೆಯಷ್ಟು ಇಳಿಸಬೇಕಾಗಬಹುದು. ಈ ತೊಂದರೆಗೆ ಟೋ ಕವರ್ ಹಾಕಿದರೆ ಒತ್ತಡ ಹೆಚ್ಚಿ ಇನ್ನೂ ಹದಗೆಡುತ್ತದೆ.

ಬೆರಳುಗಳು ಗೆರೆ ಎಳೆದ ಹಾಗೆ ಸುಣ್ಣದಂತೆ ಬಿಳಿಚಿ, ಆಮೇಲೆ ನೀಲಿಯಾಗಿ, ಬೆಚ್ಚಗಾಗುವಾಗ ಕೆಂಪಗೆ ಉರಿದರೆ ಅದು ರೇನೋಡ್ ಎಂಬ ತೊಂದರೆಯ ಲಕ್ಷಣ, ವೈದ್ಯರಿಗೆ ತೋರಿಸಿ. ಬೆಳಗಿನ ಸಿಗರೇಟು ಇದಕ್ಕೆ ತುಪ್ಪ ಸುರಿಯುತ್ತದೆ, ನಿಕೋಟಿನ್ ನಾಳಗಳನ್ನು ಮುದುಡಿಸುತ್ತದೆ. ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಕಡಿಮೆಯಾದವರು ಕಬ್ಬಿಣದ ಪುಡಿಯ ಬಿಸಿ ಪ್ಯಾಕೆಟ್‌ಗಳನ್ನು ಶೂನೊಳಗೆ ಇಡಲೇಬಾರದು, ಸುಟ್ಟದ್ದು ಗೊತ್ತಾಗುವುದಿಲ್ಲ. ಉಳಿದವರಿಗೂ ಅವು ಶೂನೊಳಗೆ ನಿರಾಸೆಯೇ: ಬಿಸಿಯಾಗಲು ಅವಕ್ಕೆ ಆಮ್ಲಜನಕ ಬೇಕು, ಮುಚ್ಚಿದ ಶೂನಲ್ಲಿ ಅದು ಸಾಲದು. ಲಡಾಖಿಗೆ ಹೊರಟವರು ಯೋಚಿಸಲಿ. ಮನೆಗೆ ಬಂದ ಕೂಡಲೇ ಮರಗಟ್ಟಿದ ಕಾಲನ್ನು ಬಿಸಿನೀರ ಬಕೆಟ್ಟಿಗೆ ಇಳಿಸಬೇಡಿ. ಮೊಣಕೈ ಅದ್ದಿದಾಗ ಉಗುರುಬೆಚ್ಚಗೆ ಅನ್ನಿಸುವ ನೀರು ಸಾಕು.

ತೊಳೆಯುವುದು, ಇಡುವುದು

ನಿಯೋಪ್ರೀನನ್ನು ವಾಷಿಂಗ್ ಮಷಿನ್ನಿಗೆ ಹಾಕಬೇಡಿ. ತಣ್ಣೀರಿನಲ್ಲಿ ಸ್ವಲ್ಪ ಶಾಂಪೂ ಬೆರೆಸಿ ಕೈಯಲ್ಲಿ ಅದುಮಿ ತೊಳೆಯಿರಿ, ಹಿಂಡಬೇಡಿ. ಒಳಮಗ್ಗುಲು ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ. ತಾರಸಿಯ ಬಿಸಿಲಿಗೆ ರಬ್ಬರು ಗಟ್ಟಿಯಾಗಿ ಮಡಿಕೆಯಲ್ಲಿ ಬಿರಿಯುತ್ತದೆ. ವೆಲ್ಕ್ರೋ ಇದ್ದರೆ ಅಂಟಿಸಿಯೇ ತೊಳೆಯಿರಿ, ಇಲ್ಲದಿದ್ದರೆ ಅದರ ಕೊಕ್ಕೆಗಳು ಉಣ್ಣೆ ಸಾಕ್ಸ್‌ನ ಎಳೆ ಎಳೆಯುತ್ತವೆ. ಶಿವರಾತ್ರಿಗೆ ಚಳಿ ಶಿವಶಿವಾ ಅನ್ನುತ್ತಾ ಹೋದ ಮೇಲೆ ಮಡಚದೆ, ಹಳೇ ಪೇಪರ್ ತುಂಬಿ, ಶೂ ಆಕಾರದಲ್ಲೇ ಇಡಿ.

ಅಂಗಡಿಗೆ ಹೋಗುವಾಗ ನಿಮ್ಮ ಶೂ, ನಿಮ್ಮ ಸಾಕ್ಸ್ ಎರಡನ್ನೂ ಚೀಲದಲ್ಲಿ ತೆಗೆದುಕೊಂಡು ಹೋಗಿ. ಸರ್ಜಾಪುರ ರಸ್ತೆಯ ಡೆಕಾಥ್ಲಾನ್ ಆಗಲಿ, ನಿಮ್ಮ ಬಡಾವಣೆಯ ಸೈಕಲ್ ಅಂಗಡಿಯಾಗಲಿ, ಕವರನ್ನು ಅಲ್ಲೇ ಶೂಗೆ ತೊಡಿಸಿ, ಕ್ಲೀಟ್ ಸುತ್ತ ಬೆರಳಾಡಿಸಿ ನೋಡಿ ಕೊಳ್ಳಿ. ಚಳಿಗಾಲದ ಸಾಮಾನು ನಮ್ಮೂರಿಗೆ ಕಡಿಮೆ ತರಿಸುತ್ತಾರೆ, ಮಧ್ಯದ ಅಳತೆಗಳು ಮೊದಲು ಖಾಲಿಯಾಗುತ್ತವೆ. ನವೆಂಬರ್ ಮುಗಿಯುವುದರೊಳಗೆ ಹೋಗಿ.